ಅವ್ವನ ಮಿಷನ್ನು ಕಾಜ ಕಲಿತದ್ದು

ನಮ್ಮ ಮನೆಯ ಹೊಲಿಗೆ ಮಿಷನ್ನಿನ ಎಡಗಡೆಯ ಡ್ರಾಯರಿನಲ್ಲಿ ಒಂದು ಹಸಿರು ಡಬ್ಬಿ ಇತ್ತು. ಅದರೊಳಗೆ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಲೋಹದ ವಸ್ತು. ಮುಷ್ಟಿಯಷ್ಟು ದಪ್ಪ, ಕೈಗೆತ್ತಿಕೊಂಡರೆ ಎಣಿಸಿದ್ದಕ್ಕಿಂತ ಹೆಚ್ಚು ಭಾರ. ಅದರ ಒಂದು ಪಕ್ಕಕ್ಕೆ ತುದಿಯಲ್ಲಿ ಕವಲೊಡೆದ ಒಂದು ಕೈ, ಬೆನ್ನ ಮೇಲೆ ತಿರುಗಿಸಲು ಗುಂಡಗಿನ ಒಂದು ಗುಬ್ಬಿ, ಅಡಿಯಲ್ಲಿ ಗೆರೆಗೆರೆಯಾಗಿ ಸಣ್ಣ ಹಲ್ಲುಗಳಿದ್ದ ಒಂದು ದವಡೆ. ಕವಲು ಕೈಯನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಆ ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಾಡುತ್ತಿತ್ತು. ನಾನು ಅದಕ್ಕೆ ಏಡಿ ಎಂದು ಹೆಸರಿಟ್ಟಿದ್ದೆ. ಅದು ನಿಜಕ್ಕೂ ಏನು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾವಿದ್ದದ್ದು ಸಿಕಂದರಾಬಾದಿನ ಹತ್ತಿರದ ಕುಷಾಯಿಗೂಡದಲ್ಲಿ. ಅಪ್ಪ ಗದಗಿನ ಕಡೆಯವನು, ಕುಷಾಯಿಗೂಡದ ಪಕ್ಕದ ದೊಡ್ಡ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವ್ವ ಧಾರವಾಡದವಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಮಿಷನ್ನು ನಮ್ಮ ಮನೆಗೆ ಬಂದದ್ದು ನಾನಿನ್ನೂ ಶಾಲೆಗೆ ಸೇರುವ ಮೊದಲು. ಲಾಲಾಗುಡದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಆಂಗ್ಲೋ ಇಂಡಿಯನ್ ಹೆಂಗಸು, ಗಂಡ ತೀರಿಕೊಂಡು ಮನೆ ಖಾಲಿ ಮಾಡಬೇಕಾಗಿ ಬಂದಾಗ, ಅದನ್ನು ಅಪ್ಪನಿಗೆ ಮಾರಿದ್ದರು. ಕಪ್ಪು ಮೈಯ, ಕಾಲಿನಿಂದ ತುಳಿಯುವ ಮಿಷನ್ನು. ಹಸಿರು ಡಬ್ಬಿ ಅದರ ಜೊತೆಗೇ ಬಂದಿತ್ತು. ಕೇಳಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

"ಕಸೂತಿ ಹಾಕೋದಿರಬೇಕು" ಎಂದು ಅಪ್ಪ ಒಮ್ಮೆ ಹೇಳಿದ್ದ.

"ಕಸೂತಿ ಕೈಯಾಗ ಹಾಕೋದು. ಇಂಥಾ ಕಬ್ಬಿಣದಾಗ ಯಾರ ಹಾಕ್ತಾರ?" ಎಂದು ಅವ್ವ ನಕ್ಕಿದ್ದಳು. ಅಲ್ಲಿಗೆ ಅದರ ವಿಚಾರ ಮುಗಿದಿತ್ತು.

ಅವ್ವ ಆ ಮಿಷನ್ನಿನ ಮೇಲೆ ಏನು ಬೇಕಾದರೂ ಹೊಲಿಯುತ್ತಿದ್ದಳು. ನನ್ನ ಫ್ರಾಕು, ತನ್ನ ರವಿಕೆ, ಕಿಟಕಿಯ ಪರದೆ, ಅಪ್ಪನ ಅಂಗಿ. ಆದರೆ ಕಾಜ ಮಾತ್ರ ಕೈಯಲ್ಲಿ. ಅಂಗಿಯ ಗುಂಡಿ ತೂರಿಸಲು ಪಟ್ಟಿಯಲ್ಲಿ ಸೀಳು ಮಾಡುತ್ತೇವಲ್ಲ, ಅದರ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತಲೂ ಒತ್ತಾಗಿ ದಾರ ಹೊಲಿಯಬೇಕು. ಅದೇ ಕಾಜ. ಅವ್ವ ಮಧ್ಯಾಹ್ನ ಊಟವಾದ ಮೇಲೆ ಹಿತ್ತಿಲ ಬಾಗಿಲ ಬೆಳಕಿಗೆ ಕೂತು ಕಾಜ ಹೊಲಿಯುತ್ತಿದ್ದಳು. ಸೂಜಿ ಚುಚ್ಚಿ, ದಾರವನ್ನು ಸೂಜಿಯ ಕೆಳಗೆ ಹಾಯಿಸಿ, ಮೆತ್ತಗೆ ಎಳೆದಾಗ ಅಂಚಿನ ಮೇಲೆ ಒಂದು ಸಣ್ಣ ಗಂಟು ಕೂರುತ್ತಿತ್ತು. ಅದರ ಪಕ್ಕಕ್ಕೆ ಇನ್ನೊಂದು. ಆಗ ಅವಳೊಡನೆ ಮಾತಾಡಿದರೆ ಬರೀ "ಹೂಂ" ಅನ್ನುತ್ತಿದ್ದಳು. ಅಪ್ಪನ ಜೊತೆ ಕೆಲಸ ಮಾಡುವವರು, "ಯಾವ ಟೇಲರ್ ಕಡೆ ಹೊಲಿಸ್ತೀರಿ?" ಎಂದು ಅವನ ಅಂಗಿಯ ಎದೆ ಮುಟ್ಟಿ ಕೇಳುತ್ತಿದ್ದರಂತೆ. ಅಪ್ಪ ಮನೆಗೆ ಬಂದು ಅದನ್ನು ಹೇಳಿದಾಗ ಅವ್ವ ಕೇಳಿಸಿಕೊಳ್ಳದವಳ ಹಾಗೆ ಚಹಾ ಸೋಸುತ್ತಿದ್ದಳು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಅವ್ವ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾಲು ಜಾರಿ ಬಿದ್ದಳು. ಬೀಳುವಾಗ ಬಲಗೈ ಊರಿದ್ದರಿಂದ ಮಣಿಕಟ್ಟಿನ ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿದರು, ಕೆಲವು ವಾರಗಳ ನಂತರ ತೆಗೆದರು. ಎಲುಬು ಕೂಡಿತ್ತು. ಅವಳು ರೊಟ್ಟಿ ಬಡಿಯಬಲ್ಲವಳಾದಳು, ಕೊಡ ಎತ್ತಬಲ್ಲವಳಾದಳು. ಆದರೆ ಹೆಬ್ಬೆರಳು ಮತ್ತು ತೋರುಬೆರಳು ಕೂಡಿಸಿ ಸೂಜಿ ಹಿಡಿದರೆ ಅದು ಜಾರಿ ಬೀಳುತ್ತಿತ್ತು. ಗಟ್ಟಿಯಾಗಿ ಹಿಡಿದರೆ ಕೈ ನಡುಗುತ್ತಿತ್ತು. ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಅವ್ವ ಚಪಾತಿ ಹಿಟ್ಟಿನ ಉಂಡೆಯನ್ನು ಹಿಚುಕುತ್ತ ಕೂರುತ್ತಿದ್ದಳು. ಸೂಜಿ ಮಾತ್ರ ಕೈಯಲ್ಲಿ ನಿಲ್ಲಲಿಲ್ಲ.

ಆ ಹೊತ್ತಿಗೆ ಅಪ್ಪನ ಒಂದು ಕೆನೆಬಣ್ಣದ ಅಂಗಿ ಅರ್ಧವಾಗಿತ್ತು. ಮಿಷನ್ನಿನ ಮೇಲೆ ಬಟ್ಟೆಯನ್ನು ಅಂಗೈಯಿಂದ ಒತ್ತಿ ಸರಿಸಿದರೆ ಸಾಕಾದ್ದರಿಂದ ಅವ್ವ ಅದರ ತೋಳು, ಕಾಲರು, ಪಟ್ಟಿ ಎಲ್ಲ ಮುಗಿಸಿದಳು. ಉಳಿದದ್ದು ಕಾಜ. ಅಂಗಿ ಬಾಗಿಲ ಹಿಂದಿನ ಮೊಳೆಗೆ ನೇತಾಡತೊಡಗಿತು.

ನಮ್ಮ ಮನೆಯ ಹಿಂದಿನ ಭಾಗದಲ್ಲಿ ಬಾಡಿಗೆಗಿದ್ದ ತೆಲುಗಿನ ಹೆಂಗಸೊಬ್ಬಳಿದ್ದಳು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಅವಳು ಅವ್ವನನ್ನು ವದಿನಾ ಅನ್ನುತ್ತಿದ್ದಳು, ಅಂದರೆ ಅತ್ತಿಗೆ. ಅವಳು ಅಂಗಿಯನ್ನು ನೋಡಿ, ಮೂಲೆಯ ಟೇಲರ್ ಕೈಗೆ ಕೊಟ್ಟರೆ ಸಂಜೆಯೊಳಗೆ ಕಾಜ ಹಾಕಿಕೊಡುತ್ತಾನಲ್ಲ ಎಂದಳು. ಅವ್ವ ಬೇಡವೆಂದಳು. ಅಕ್ಕ ಹೋದ ಮೇಲೆ ಅಪ್ಪ ಅದೇ ಮಾತೆತ್ತಿದ.

"ಕೊಟ್ಟರ ಏನಾಗ್ತೈತಿ? ನಾನಾ ಒಯ್ದು ಕೊಡ್ತೀನಿ."

"ಕೊಡಬ್ಯಾಡ್ರಿ."

"ಮತ್ತ ಎಷ್ಟ ದಿನಾ ಹಿಂಗ ತೂಗು ಹಾಕ್ತಿ ಅದನ್ನ?"

"ತೂಗ್ಲಿ ಬಿಡ್ರಿ. ನಿಮಗ ಹಾಕ್ಕೊಳ್ಳಾಕ ಬ್ಯಾರೆ ಇಲ್ಲೇನು?"

ಆಮೇಲೆ ಅವ್ವ ಅಂಗಿ ಹೊಲಿಯುವುದನ್ನೇ ಬಿಟ್ಟಳು. ಹುಕ್ಕಿನ ರವಿಕೆ, ಲಾಡಿಯ ಲಂಗ, ದಿಂಬಿನ ಚೀಲ ಇಷ್ಟೇ. ನನಗೆ ಶಾಲೆಯ ಅಂಗಿ ಬೇಕಾದಾಗ ಮೊದಲ ಬಾರಿಗೆ ಸಿಕಂದರಾಬಾದಿನ ಅಂಗಡಿಯಿಂದ ರೆಡಿಮೇಡ್ ಬಂತು. ಅದನ್ನು ತರಲು ಹೋದ ದಿನ ನಾನು ಒಂದು ಸಂಗತಿ ಗಮನಿಸಿದೆ. ಬಸ್ಸಿನಲ್ಲಿ ನಮ್ಮ ಎದುರಿಗೆ ಯಾರೇ ನಿಂತರೂ ಅವ್ವ ಅವರ ಮುಖ ನೋಡುತ್ತಿರಲಿಲ್ಲ. ಅವರ ಅಂಗಿಯ ಕಾಜಗಳನ್ನು ನೋಡುತ್ತಿದ್ದಳು. ಒಬ್ಬ ಕಾಲೇಜು ಹುಡುಗ ಮುಜುಗರಪಟ್ಟು ತನ್ನ ಗುಂಡಿಗಳನ್ನು ಮುಟ್ಟಿ ನೋಡಿಕೊಂಡ. ಪಾಪ, ಅವನವು ಎಲ್ಲವೂ ಹಾಕಿಯೇ ಇದ್ದವು.

ಮನೆಗೆ ಬಂದ ಮೇಲೆ ನಾನು ಆ ಹೊಸ ಅಂಗಿಯನ್ನು ಅಪ್ಪನ ಭೂತಗನ್ನಡಿಯ ಕೆಳಗಿಟ್ಟು ನೋಡಿದೆ. ಅವ್ವನ ಕಾಜದಲ್ಲಿ ಅಂಚಿಗುಂಟ ಗಂಟುಗಳ ಸಾಲಿರುತ್ತಿತ್ತು. ಇದರಲ್ಲಿ ಗಂಟು ಇಲ್ಲ. ದಾರ ಎಡಕ್ಕೆ ಬಲಕ್ಕೆ ಎಡಕ್ಕೆ ಬಲಕ್ಕೆ ಓಡಿ, ಮೇಲೆ ಹೋಗಿ, ತಿರುಗಿ, ಇನ್ನೊಂದು ಬದಿಗೆ ಇಳಿದಿತ್ತು. ಇದು ಮಿಷನ್ನಿನ ಕೆಲಸವೆಂದು ನೋಡಿದರೇ ತಿಳಿಯುತ್ತಿತ್ತು. ಆದರೆ ಹೇಗೆ? ನಮ್ಮ ಮಿಷನ್ನಿನ ಸೂಜಿ ಮೇಲೆ ಕೆಳಗೆ ಹೋಗುವುದೊಂದನ್ನೇ ಬಲ್ಲದು. ಅದಕ್ಕೆ ಎಡ ಬಲ ಎಂಬುದೇ ಗೊತ್ತಿಲ್ಲ. ನಾನು ಅವ್ವನಿಗೆ ಕನ್ನಡಿ ಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು.

"ಎರಡು ಸುತ್ತು ಹಾಕ್ಯಾರ" ಎಂದಳು. "ಒಂದರ ಮ್ಯಾಲೆ ಒಂದು. ಅದಕ್ಕ ಇಷ್ಟು ತುಂಬಿ ಬಂದೈತಿ."

"ಹೆಂಗ ಹಾಕಿರಬೇಕವ್ವಾ?"

"ನನಗೇನ ಗೊತ್ತು?" ಎಂದವಳು ಕನ್ನಡಿಯನ್ನು ಮಾತ್ರ ಕೆಳಗಿಡಲಿಲ್ಲ.

ಹಿಂದಿನ ಮನೆಯ ಅಕ್ಕ ನಾಚಾರಂನ ಒಂದು ಸಣ್ಣ ಗಾರ್ಮೆಂಟ್ ಘಟಕಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಹೊಲಿದು ಬಂದ ಅಂಗಿಗಳ ದಾರದ ತುದಿಗಳನ್ನು ಕತ್ತರಿಸುವ ಕೆಲಸ. ಅಲ್ಲಿ ಕಾಜಕ್ಕೆಂದೇ ಒಂದು ಮಿಷನ್ನು ಇದೆ ಎಂದು ಅವಳು ಹೇಳಿದ್ದು ನನಗೆ ನೆನಪಿತ್ತು. ನೋಡಬಹುದೇ ಎಂದು ಕೇಳಿದೆ. ಶನಿವಾರ ನಿನಗೆ ಅರ್ಧ ದಿನ ಶಾಲೆ, ಆಮೇಲೆ ನಮ್ಮ ಗೇಟಿನ ಹತ್ತಿರ ಬಾ, ಒಳಗೆ ಕರೆದೊಯ್ಯುತ್ತೇನೆ ಎಂದಳು. ನಾನು ಹೊರಟಾಗ ಅವ್ವ ಬಾಗಿಲವರೆಗೆ ಬಂದಳು.

"ಒಂದು ನೋಡ್ಕೊಂಡ ಬಾ. ಸೂಜಿ ಅಲುಗಾಡತೈತೋ, ಬಟ್ಟಿ ಅಲುಗಾಡತೈತೋ. ಅದೊಂದ ಸರಿಯಾಗಿ ನೋಡು. ಉಳದದ್ದು ಬಿಡು."

ಆ ಘಟಕ ಶೀಟಿನ ಮಾಡಿನ ಒಂದು ಉದ್ದನೆಯ ಹಾಲ್. ಸಾಲುಸಾಲು ಮಿಷನ್ನುಗಳ ಸದ್ದಿಗೆ ನೆಲವೇ ನಡುಗುತ್ತಿತ್ತು. ಮೂಲೆಯಲ್ಲಿ ಕಾಜದ ಮಿಷನ್ನು. ಅದನ್ನು ನಡೆಸುತ್ತಿದ್ದ ಹೆಂಗಸು ಅಕ್ಕನ ಗೆಳತಿ. ಅವಳು ಅಂಗಿಯ ಪಟ್ಟಿಯನ್ನು ಸೂಜಿಯ ಕೆಳಗಿಟ್ಟು ಪೆಡಲು ಒತ್ತಿದಳು. ಒಂದು ಚೌಕಟ್ಟು ಇಳಿದು ಬಟ್ಟೆಯನ್ನು ಅಮುಕಿ ಹಿಡಿಯಿತು. ಸೂಜಿ ಗುರ್ರೆಂದಿತು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಅಲಗು ಧಡ್ಡನೆ ಇಳಿದು ನಡುವೆ ಸೀಳಿ ಮೇಲೆದ್ದಿತು. ಕಾಜ ತಯಾರು. ನನಗೆ ಏನೂ ಕಂಡಿರಲಿಲ್ಲ.

ಮತ್ತೊಮ್ಮೆ ನೋಡಿದೆ. ಮತ್ತೂ ಕಾಣಲಿಲ್ಲ. ನನ್ನ ಮುಖ ನೋಡಿ ಆ ಹೆಂಗಸಿಗೆ ನಗು ಬಂತು. ಅವಳು ಸ್ವಿಚ್ಚು ಆರಿಸಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ತೋರಿಸಿದಳು. ಆಗ ಕಂಡಿತು. ಸೂಜಿ ಎಡಕ್ಕೆ ಇಳಿಯಿತು, ಬಲಕ್ಕೆ ಇಳಿಯಿತು. ಬಟ್ಟೆಯನ್ನು ಹಿಡಿದ ಚೌಕಟ್ಟು ಕೂದಲೆಳೆಯಷ್ಟು ಹಿಂದೆ ಸರಿಯಿತು. ಸೂಜಿಗೆ ಅಡ್ಡ ಓಡಾಟ, ಬಟ್ಟೆಗೆ ಉದ್ದ ಓಡಾಟ. ಎರಡೂ ಕೂಡಿ ಕಾಜ. ನಾನು ಬಗ್ಗಿ ಆ ಚೌಕಟ್ಟಿನ ಅಡಿ ನೋಡಿದೆ. ಬಟ್ಟೆ ಜಾರದಿರಲೆಂದು ಅದಕ್ಕೆ ಗೆರೆಗೆರೆಯಾಗಿ ಸಣ್ಣ ಹಲ್ಲುಗಳಿದ್ದವು. ಇಂಥ ಹಲ್ಲನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂಬುದು ಬಸ್ಸು ಮಲ್ಲಾಪುರ ದಾಟಿದ ಮೇಲೆ ಹೊಳೆಯಿತು. ಏಡಿಯ ದವಡೆಯಲ್ಲಿ!

ಮನೆಗೆ ಬಂದಾಗ ಅವ್ವ ಮಿಷನ್ನಿನ ಮುಂದೆಯೇ ಕೂತಿದ್ದಳು. ಒಂದು ಹಳೆಯ ಚಿಂದಿಯನ್ನು ಸೂಜಿಯ ಕೆಳಗಿಟ್ಟು ಕೈಯಿಂದ ಎಡಬಲ ಎಳೆಯುತ್ತಿದ್ದಳು. ಪಕ್ಕದಲ್ಲಿ ಮುರಿದ ಸೂಜಿಯೊಂದು ಬಿದ್ದಿತ್ತು.

"ಏನ ಕಂಡಿ?"

"ಎರಡೂ ಅಲುಗಾಡತಾವ ಅವ್ವಾ. ಸೂಜಿ ಅಡ್ಡ, ಬಟ್ಟಿ ಉದ್ದ."

ಅವಳು ಕೈ ನಿಲ್ಲಿಸಿದಳು. "ನಮ್ಮ ಸೂಜಿ ಅಲುಗಾಡಂಗಿಲ್ಲ. ಹಂಗಾರ ನಮ್ಮಲ್ಲಿ ಬಟ್ಟೀನ ಎರಡೂ ಕೆಲಸ ಮಾಡಬೇಕು. ಅಡ್ಡನೂ ಹೋಗಬೇಕು, ಉದ್ದನೂ ಹೋಗಬೇಕು. ಅದು ಮನಶ್ಯಾರ ಕೈಲೆ ಆಗೂದಲ್ಲ."

ನಾನು ಡ್ರಾಯರು ಎಳೆದು ಹಸಿರು ಡಬ್ಬಿ ತೆಗೆದೆ. ಏಡಿಯನ್ನು ಅವಳ ಮುಂದೆ ಹಿಡಿದು ಕವಲು ಕೈಯನ್ನು ಆಡಿಸಿದೆ. ದವಡೆ ಎಡಕ್ಕೆ ಬಲಕ್ಕೆ ಅಲುಗಾಡಿತು. ಇಷ್ಟು ವರ್ಷ ಆಟವೆಂದು ಆಡಿಸಿದ್ದೆ. ಅಂದು ಇನ್ನೂ ಸ್ವಲ್ಪ ಹೊತ್ತು ಆಡಿಸುತ್ತಲೇ ಇದ್ದೆ. ಆಗ ಕಂಡದ್ದೆಂದರೆ, ದವಡೆ ಅಲುಗಾಡುತ್ತಲೇ, ಇರುವೆಯ ನಡಿಗೆಯಲ್ಲಿ, ಮುಂದಕ್ಕೂ ಸರಿಯುತ್ತಿತ್ತು. ತುದಿಗೆ ಹೋಗಿ, ತಿರುಗಿ, ಹಿಂದಕ್ಕೆ ಬರುತ್ತಿತ್ತು.

ಅವ್ವ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು ಎಂದೇ ಹೇಳಬೇಕು.

ಬಟ್ಟೆ ಒತ್ತುವ ಪಾದವನ್ನು ಬಿಚ್ಚಿ ಆ ಜಾಗದಲ್ಲಿ ಏಡಿಯನ್ನು ಹಿಡಿದು ನೋಡಿದೆವು. ತಿರುಪು ಸರಿಯಾಗಿ ಕೂತಿತು. ಸೂಜಿಯನ್ನು ಬಿಗಿದಿಡುವ ತಿರುಪೊಂದು ಹೊರಗೆ ಚಾಚಿರುತ್ತದೆ. ಕವಲು ಕೈ ಅದನ್ನು ನಡುವೆ ಹಿಡಿದುಕೊಂಡಿತು, ಅದಕ್ಕಾಗಿಯೇ ಹುಟ್ಟಿದ್ದ ಹಾಗೆ. ಸೂಜಿ ಮೇಲೆದ್ದರೆ ಕೈ ಏಳಬೇಕು, ಕೈ ಎದ್ದರೆ ದವಡೆ ಸರಿಯಬೇಕು. ಅವ್ವ ಚಿಂದಿಯಿಟ್ಟು ತುಳಿದಳು. ಹತ್ತು ಹೊಲಿಗೆಯೂ ಬೀಳಲಿಲ್ಲ, ಬಟ್ಟೆ ಮುದ್ದೆಯಾಗಿ, ದಾರ ಗೂಡುಗಟ್ಟಿ ಎಲ್ಲವೂ ಸಿಕ್ಕಿಹಾಕಿಕೊಂಡಿತು. ಬಿಡಿಸಿದೆವು. ಮತ್ತೆ ತುಳಿದಳು. ಮತ್ತೆ ಗೂಡು. ಸಂಜೆ ಅಪ್ಪ ಬರುವ ಹೊತ್ತಿಗೆ ನೆಲದ ಮೇಲೆಲ್ಲ ಚಿಂದಿ, ಒಲೆಯ ಮೇಲೆ ಏನೂ ಇರಲಿಲ್ಲ.

ಅಪ್ಪ ಚಹಾ ಕೇಳಲಿಲ್ಲ. ಪ್ಯಾಂಟು ಮಡಚಿ ನೆಲಕ್ಕೆ ಕೂತು, "ತುಳಿ, ನೋಡೂಣು" ಎಂದ. ಅವ್ವ ತುಳಿದಳು. ಅವನು ಕೆನ್ನೆಯನ್ನು ಮಿಷನ್ನಿನ ಹಲಗೆಗೆ ಹಚ್ಚಿ ನೋಡಿದ.

"ಜಗಳ ನಡದೈತಿ ಇಲ್ಲಿ" ಎಂದ. "ನಿನ್ನ ಮಿಷನ್ನಿಗೆ ಬಟ್ಟಿ ಮುಂದ ದೂಡೂ ಹಲ್ಲು ಅದಾವಲ್ಲ, ಕೆಳಗಿಂದ ಅವು ಎಳಿಯಾಕತ್ತಾವ. ಮ್ಯಾಲಿಂದ ಇದು ಎಳಿಯಾಕತ್ತೈತಿ. ನಡುವ ಬಟ್ಟಿ ಏನ ಮಾಡಬೇಕು?"

"ಹಲ್ಲು ಕೀಳಾಕ ಆಗಂಗಿಲ್ಲಲ್ರಿ?"

"ಕೀಳೂದ್ಯಾಕ? ಬಾಯಿ ಮುಚ್ಚಿದರಾತು."

ಭಾನುವಾರ ಅವನು ಒಂದು ಅಲ್ಯುಮಿನಿಯಂ ತಗಡನ್ನು ಕತ್ತರಿಸಿ, ಸೂಜಿಗೊಂದು ತೂತು, ತಿರುಪಿಗೊಂದು ತೂತು ಕೊರೆದ. ಬಟ್ಟೆ ಸಿಗಬೀಳದಿರಲೆಂದು ಅಂಚನ್ನು ಅರದಿಂದ ಉಜ್ಜಿ, ತನ್ನ ಕೆನ್ನೆಗೆ ತಿಕ್ಕಿ ನೋಡಿ, ಮತ್ತೆ ಉಜ್ಜಿದ. ಅದನ್ನು ಹಲ್ಲುಗಳ ಮೇಲೆ ಮುಚ್ಚಿ ಬಿಗಿದೆವು. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಳು.

ಈ ಸಲ ಏಡಿ ನಡೆಯಿತು. ಕಟಕಟ ಸದ್ದು ಮಾಡುತ್ತ, ಬಟ್ಟೆಯನ್ನು ದವಡೆಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಆಡಿಸುತ್ತ, ಮೇಲೇರಿ, ತುದಿಯಲ್ಲಿ ಸುತ್ತಿ, ಇನ್ನೊಂದು ಮಗ್ಗುಲಿಗೆ ಇಳಿಯಿತು. ಸೂಜಿ ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ನಿಂತಲ್ಲೇ ಮೇಲೆ ಕೆಳಗೆ. ಅವ್ವ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದೆ ಸುತ್ತಿನ ಮೇಲೆ ಸುತ್ತು ತುಳಿದಳು. ಕೊನೆಗೆ ಬಟ್ಟೆ ಎತ್ತಿದಾಗ ಅದರ ಮೇಲೆ ಒಂದು ಕಾಜ ಇತ್ತು. ಅಚ್ಚುಕಟ್ಟಾದ, ತುಂಬಿದ ಕಾಜ. ಆದರೆ ನನ್ನ ಹೆಬ್ಬೆರಳು ಸಲೀಸಾಗಿ ತೂರುವಷ್ಟು ಉದ್ದ.

ಮೂವರೂ ಅದನ್ನು ನೋಡಿದೆವು. ಅಪ್ಪ ತನ್ನ ಅಂಗಿಯ ಗುಂಡಿಯನ್ನು ಅದರ ಪಕ್ಕಕ್ಕಿಟ್ಟ. ಅವ್ವನಿಗೆ ನಗು ತಡೆಯಲಾಗಲಿಲ್ಲ. ಬಿದ್ದಂದಿನಿಂದ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಇದು ಅಂಗೀದಲ್ರಿ. ದೊಡ್ಡ ಕೋಟಿಂದು!"

ಏಡಿಯನ್ನು ಬಿಚ್ಚಿ ಮಗುಚಿದಾಗ ಅಡಿಯಲ್ಲಿ ಒಂದು ಸಣ್ಣ ಮುಚ್ಚಳ ಕಂಡಿತು. ಅದನ್ನು ಸರಿಸಿದರೆ ಒಳಗೊಂದು ಚಪ್ಪಟೆ ಬಿಲ್ಲೆ. ಸುತ್ತ ಹಲ್ಲು, ನಡುವೆ ಉದ್ದನೆಯ ಓಣಿಯಂತೆ ಕೊರೆದ ಗುರುತು. ಆ ಓಣಿಯ ಉದ್ದಕ್ಕೂ ನಮ್ಮ ಕಾಜದ ಉದ್ದಕ್ಕೂ ತಾಳೆಯಿತ್ತು. ಅಂದರೆ ಬಿಲ್ಲೆ ಬದಲಿಸಿದರೆ ಕಾಜ ಬದಲಾಗಬೇಕು. ಸಣ್ಣ ಗುಂಡಿಗೆ ಸಣ್ಣ ಬಿಲ್ಲೆ ಎಲ್ಲೋ ಇರಲೇಬೇಕು. ಡಬ್ಬಿಯಲ್ಲಿ ಹುಡುಕಿದೆವು, ಡ್ರಾಯರುಗಳನ್ನು ಬೋರಲು ಹಾಕಿದೆವು, ಸಿಗಲಿಲ್ಲ.

"ಮಾರಿದವರನ್ನ ಕೇಳಬೇಕು" ಎಂದ ಅಪ್ಪ. "ಅವರೀಗ ಎಲ್ಲಿ ಅದಾರೋ."

ಮರುವಾರ ಅವನೇ ಲಾಲಾಗುಡಕ್ಕೆ ಹೋಗಿ ಹಳೆಯ ಕ್ವಾರ್ಟರ್ಸಿನ ನೆರೆಯವರನ್ನು ವಿಚಾರಿಸಿ ಬಂದ. ಆ ಹೆಂಗಸು ದೂರವೇನೂ ಹೋಗಿರಲಿಲ್ಲ. ಮೆಟ್ಟುಗುಡದಲ್ಲಿ ತಂಗಿಯ ಮನೆಯಲ್ಲಿದ್ದರು. ಅವ್ವ ಮತ್ತು ನಾನು ಏಡಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟೆವು. ಬಸ್ಸಿನಲ್ಲಿ ಅವ್ವ ಹಿಂದಿಯಲ್ಲಿ ಏನು ಹೇಳಬೇಕೆಂದು ತುಟಿಯೊಳಗೇ ಹೊಂದಿಸಿಕೊಳ್ಳುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಹೊಂದಿಸಿಕೊಳ್ಳುತ್ತಿದ್ದೆ.

ಬಾಗಿಲು ತೆರೆದವರು ಎತ್ತರದ ಮುದುಕಿ. ಬಿಳಿ ಕೂದಲನ್ನು ಕತ್ತಿನವರೆಗೆ ಕತ್ತರಿಸಿದ್ದರು. ಕನ್ನಡಕದ ಗಾಜು ಬಹಳ ದಪ್ಪ. ಮೈಮೇಲೆ, ಮನೆಯೊಳಗೆ ತೊಡುವ ಮಾಸಿದ ನೀಲಿ ಹೌಸ್‌ಕೋಟು. ಅವ್ವ ಹೊಂದಿಸಿಕೊಂಡದ್ದೆಲ್ಲ ಮರೆತು ಏಡಿಯನ್ನೇ ತೆಗೆದು ಅವರ ಕೈಗಿಟ್ಟಳು. ಅವರು ಅದನ್ನು ನೋಡಲೇ ಇಲ್ಲ. ಬೆರಳಿನಿಂದ ಕವಲು ಕೈ ಮುಟ್ಟಿದರು, ಗುಬ್ಬಿ ಮುಟ್ಟಿದರು, ಆಮೇಲೆ ಅವರ ಮುಖವೆಲ್ಲ ಅರಳಿತು.

"ಅರೇ, ಯೇ ತೋ ಮೇರಾ ಹೈ!" ಎಂದರು. ಇದು ನನ್ನದಲ್ಲವೇ!

ಒಳಗೆ ಕರೆದು ಕೂರಿಸಿದರು. ನಾನು ಅವರನ್ನು ಆಂಟಿ ಎಂದೆ. ಅವರ ಹಿಂದಿಯೂ ಅವ್ವನ ಹಿಂದಿಯೂ ಬೇರೆ ಬೇರೆ ಊರಿನವು, ಆದರೂ ಇಬ್ಬರಿಗೂ ತಿಳಿಯುತ್ತಿತ್ತು. ಬಿಲ್ಲೆಯ ಮಾತು ಕೇಳಿದ್ದೇ ತಡ, ಆಂಟಿ ಒಂದು ಬಿಸ್ಕೀಟ್ ಡಬ್ಬಿ ತಂದರು. ಅದರ ತುಂಬ ಗುಂಡಿಗಳು. ಚಿಪ್ಪಿನವು, ಮರದವು, ಬಟ್ಟೆ ಹೊದಿಸಿದವು. ಅವುಗಳ ನಡುವೆ ಬಿಲ್ಲೆಗಳಿದ್ದವು. ಒಂದೊಂದು ಬಿಲ್ಲೆಗೂ ಅದಕ್ಕೆ ಹೊಂದುವ ಗುಂಡಿಯನ್ನು ದಾರದಲ್ಲಿ ಕಟ್ಟಿದ್ದರು. ಮಿಷನ್ನು ಮಾರುವ ದಿನ ಈ ಡಬ್ಬಿಯನ್ನು ಬರೀ ಗುಂಡಿಯ ಡಬ್ಬಿ ಎಂದುಕೊಂಡು ತಮ್ಮೊಡನೆ ತಂದುಬಿಟ್ಟಿದ್ದರಂತೆ.

"ನೀವು ಯಾಕೆ ಮಾರಿದಿರಿ?" ಎಂದು ಅವ್ವ ಕೇಳಿದಳು.

ಆಂಟಿ ತಮ್ಮ ಕನ್ನಡಕ ಮುಟ್ಟಿ ತೋರಿಸಿದರು. ಆಗಲೇ ದಾರ ಕಾಣುವುದು ನಿಂತಿತ್ತು, ಈಗ ಬಟ್ಟೆಯ ಬಣ್ಣವೂ ಸರಿಯಾಗಿ ಕಾಣುವುದಿಲ್ಲ ಎಂದರು. ಆಮೇಲೆ ಅವ್ವ ಬಿಲ್ಲೆಯ ದಾರದ ಗಂಟನ್ನು ಬಿಚ್ಚಲು ಹೆಣಗುತ್ತಿದ್ದುದು ಅವರಿಗೆ ಹೇಗೋ ತಿಳಿಯಿತು. ಸದ್ದಿನಿಂದ ಇರಬೇಕು.

"ಹಾತ್ ಕೋ ಕ್ಯಾ ಹುವಾ?" ಎಂದರು. ಕೈಗೆ ಏನಾಯಿತು?

ಅವ್ವ ಹೇಳಿದಳು. ಮನೆಗೆ ಬಂದ ಎಷ್ಟೋ ಜನಕ್ಕೆ ಬಿದ್ದ ಕಥೆಯನ್ನಷ್ಟೇ ಹೇಳಿದ್ದಳು. ಆಂಟಿಗೆ ಮಾತ್ರ ಕಾಜದ ಕಥೆ ಹೇಳಿದಳು. ಮೊಳೆಗೆ ನೇತಾಡುವ ಅಂಗಿಯ ಕಥೆಯನ್ನೂ ಹೇಳಿದಳು. ಆಂಟಿ ಅವಳ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದರು. ಆಮೇಲೆ ಅವ್ವನ ಕೈಯಿಂದ ಗಂಟನ್ನು ತೆಗೆದುಕೊಂಡು ತಾವೇ ಬಿಚ್ಚಿದರು.

ಅಂದು ಮಿಷನ್ನಿಲ್ಲದೆಯೇ ಊಟದ ಮೇಜಿನ ಮೇಲೆ ಪಾಠ ನಡೆಯಿತು. ತೆಳು ಬಟ್ಟೆಯಾದರೆ ಅಡಿಯಲ್ಲಿ ಕಾಗದ ಇಡಬೇಕು. ಮೊದಲು ಗುಬ್ಬಿಯನ್ನು ಕೈಯಿಂದ ತಿರುಗಿಸಿ ದವಡೆಯನ್ನು ಕಾಜದ ಉದ್ದ ಬದಿಯ ನಡುವಿಗೆ ತಂದು ನಿಲ್ಲಿಸಬೇಕು. ಎರಡು ಸುತ್ತು ಸಾಕು, ಮೂರಾದರೆ ಬಿರುಸಾಗುತ್ತದೆ. ಕತ್ತರಿಸುವ ಮೊದಲು ಎರಡೂ ತುದಿಗೆ ಒಂದೊಂದು ಗುಂಡುಸೂಜಿ ಅಡ್ಡ ಚುಚ್ಚಬೇಕು, ಇಲ್ಲದಿದ್ದರೆ ಬ್ಲೇಡು ಹೊಲಿಗೆಯನ್ನೇ ದಾಟಿಹೋಗುತ್ತದೆ. ಅವ್ವ ಪ್ರತಿಯೊಂದಕ್ಕೂ "ಯಾಕ?" ಎಂದು ನನ್ನನ್ನು ಕೇಳುತ್ತಿದ್ದಳು, ನಾನು ಇಂಗ್ಲಿಷಿನಲ್ಲಿ ಆಂಟಿಯನ್ನು ಕೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಇಬ್ಬರೂ ನನ್ನನ್ನು ಬಿಟ್ಟು ತಾವೇ ಮಾತಾಡತೊಡಗಿದರು.

ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತಳು. ಆಂಟಿಯ ಹೌಸ್‌ಕೋಟಿನ ಕಾಜಗಳು ಹರಿದು ಬಾಯ್ಬಿಟ್ಟಿದ್ದವು. ಅಲ್ಲಲ್ಲಿ ಸೇಫ್ಟಿ ಪಿನ್ನು ಹಾಕಿದ್ದರು. ಬಂದಾಗಿನಿಂದ ಅವಳ ಕಣ್ಣು ಅದರ ಮೇಲೇ ಇತ್ತೆಂದು ನನಗೆ ಗೊತ್ತಿತ್ತು.

"ಯೇ ಮೇರೇಕು ದೇವ್" ಎಂದಳು. ಇದನ್ನು ನನಗೆ ಕೊಡಿ.

ಆಂಟಿ ಬೇಡಬೇಡವೆಂದು ಕೈಯಾಡಿಸಿದರು. ಅವ್ವ ಕದಲಲಿಲ್ಲ. ಕೊನೆಗೆ ಅವರು ಒಳಗೆ ಹೋಗಿ ಬೇರೆ ಬಟ್ಟೆ ಹಾಕಿಕೊಂಡು, ಕೋಟನ್ನು ಮಡಚಿ ತಂದು ಕೊಟ್ಟರು. ತಂಗಿ ಮಾರುಕಟ್ಟೆಯಿಂದ ಬಂದರೆ ಅದೆಲ್ಲಿ ಎಂದು ಹುಡುಕುತ್ತಾಳೆ ಎಂದು ನಕ್ಕರು.

ಮನೆಯಲ್ಲಿ ಅವ್ವ ಕೋಟಿನ ಮುಂಭಾಗಕ್ಕೆ ಹೊಸ ಪಟ್ಟಿ ಕೂರಿಸಿದಳು. ಅದಕ್ಕೆ ದೊಡ್ಡ ಬಿಲ್ಲೆಯೇ ಬೇಕಾಗಿತ್ತು, ಗುಂಡಿಗಳು ರೂಪಾಯಿಯಗಲದವು. ಮೊದಲು ಚಿಂದಿಯ ಮೇಲೆ ಮಾಡಿ ನೋಡಿದಳು. ಆಮೇಲೆ ಉಸಿರು ಹಿಡಿದು ಪಟ್ಟಿಯ ಮೇಲೆ. ಗುಂಡುಸೂಜಿ ಚುಚ್ಚುವ ಕೆಲಸ ನನ್ನದು, ಬ್ಲೇಡು ಅಪ್ಪನದು. ಅವನು ಕತ್ತರಿಸುವಾಗ ಅವ್ವ ಅಡುಗೆಮನೆಗೆ ಹೋಗಿ ನಿಂತುಕೊಂಡಳು. "ಆತೇನ್ರಿ? ಆತೇನ್ರಿ?" ಎಂದು ಅಲ್ಲಿಂದಲೇ ಕೇಳುತ್ತಿದ್ದಳು.

ಕೋಟು ಕೊಡಲು ಹೋದಾಗ ಆಂಟಿ ಅದನ್ನು ಕಿಟಕಿಯ ಬಳಿ ಒಯ್ಯಲಿಲ್ಲ. ಮಡಿಲಲ್ಲಿ ಹರಡಿಕೊಂಡು, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಕಾಜದ ಮೇಲೆ ಬೆರಳು ಓಡಿಸಿದರು. ಕೆಳಗಿನಿಂದ ಎರಡನೆಯದರ ಮೇಲೆ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು.

"ಇಲ್ಲಿ ದಾರ ಸಡಿಲಾಗಿದೆ" ಎಂದರು.

ಅವ್ವ ಬಗ್ಗಿ ನೋಡಿದಳು. ಮನೆಯಲ್ಲಿ ಅದು ನನಗಾಗಲಿ ಅಪ್ಪನಿಗಾಗಲಿ ಕಂಡಿರಲಿಲ್ಲ. ನಿಜವಾಗಿಯೂ ಒಂದು ಕಡೆ ದಾರ ಕೊಂಚ ಎದ್ದಿತ್ತು. ಅವ್ವ ಬೇಸರ ಪಟ್ಟುಕೊಳ್ಳುತ್ತಾಳೆಂದು ನಾನು ಹೆದರಿದೆ. ಆದರೆ ಅವಳ ಮುಖದಲ್ಲಿ ಸಂತೋಷವಿತ್ತು. ಬಹಳ ದಿನಗಳ ನಂತರ ಯಾರೋ ಅವಳ ಕೈಯನ್ನು ಕನಿಕರದಿಂದ ನೋಡದೆ ಅದರ ಕೆಲಸವನ್ನು ನೋಡಿದ್ದರು.

"ಖರೇ ಹೇಳ್ತಾರ ನೋಡು ಇವರು" ಎಂದು ನನಗೆ ಕನ್ನಡದಲ್ಲಿ ಹೇಳಿದಳು. "ಅಲ್ಲಿ ಬಾಬಿನ್ ದಾರ ಮುಗದಿತ್ತು, ನಾ ಮತ್ತ ಜೋಡಿಸಿದ್ದೆ."

ಏಡಿಯನ್ನೂ ಚೀಲದಲ್ಲಿ ತಂದಿದ್ದೆವು. ಅಂದು ನಾನು ಆಂಟಿಯನ್ನು ಬಹಳ ದಿನದಿಂದ ಕೊರೆಯುತ್ತಿದ್ದ ಪ್ರಶ್ನೆ ಕೇಳಿದೆ. ಏಡಿಯ ಹೊಟ್ಟೆಯಲ್ಲಿ ಏನಿದೆ? ಕೈ ಮೇಲೆ ಕೆಳಗೆ ಹೋದರೆ ದವಡೆ ಯಾಕೆ ಅಡ್ಡ ಹೋಗಬೇಕು? ಅವರಿಗೂ ಗೊತ್ತಿರಲಿಲ್ಲ. ಮದುವೆಯಾದಂದಿನಿಂದ ಅದರಲ್ಲಿ ಹೊಲಿದಿದ್ದರು, ಎಂದೂ ಬಿಚ್ಚಿ ನೋಡಿರಲಿಲ್ಲ. ಬಿಚ್ಚಬೇಕೆಂದು ಗಂಡ ಸ್ಕ್ರೂಡ್ರೈವರ್ ಹಿಡಿದು ಬಂದಾಗಲೆಲ್ಲ ತಾವೇ ಅಡ್ಡ ನಿಂತಿದ್ದರಂತೆ.

"ಈಗ ಬಿಚ್ಚು" ಎಂದರು ನನಗೆ. ಒಳಗಿನಿಂದ ಗಂಡನ ಸ್ಕ್ರೂಡ್ರೈವರನ್ನು ತಂದುಕೊಟ್ಟರು.

ಅವ್ವ "ಹಾಳ ಮಾಡೀಯವ್ವಾ" ಎಂದಳು, ಆದರೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮುಚ್ಚಳದ ತಿರುಪುಗಳನ್ನು ತೆಗೆದು ಸಾಲಾಗಿಟ್ಟೆ. ಒಳಗೆ ಎಣ್ಣೆ ಕಪ್ಪಾಗಿ ಅಂಟಿತ್ತು. ಒರೆಸಿದಾಗ ಹಲ್ಲುಗಾಲಿ ಕಂಡಿತು. ಕವಲು ಕೈ ಎದ್ದಾಗಲೆಲ್ಲ ಒಂದು ಸಣ್ಣ ಕೊಕ್ಕೆ ಆ ಗಾಲಿಯನ್ನು ಒಂದು ಹಲ್ಲು ಮುಂದೆ ನೂಕುತ್ತಿತ್ತು. ಗಾಲಿ ಬಿಲ್ಲೆಯನ್ನು ತಿರುಗಿಸುತ್ತಿತ್ತು. ಬಿಲ್ಲೆಯ ಓಣಿಯಲ್ಲಿ ಒಂದು ಮೊಳೆ ಸಿಕ್ಕಿಕೊಂಡಿತ್ತು, ಅದು ಓಣಿಗುಂಟ ನಡೆಯುತ್ತ ದವಡೆಯನ್ನು ತನ್ನೊಡನೆ ಒಯ್ಯುತ್ತಿತ್ತು. ಉದ್ದ ಓಡಾಟವೆಂದರೆ ಇಷ್ಟೇ. ಅಡ್ಡ ಓಡಾಟಕ್ಕೆ ಬೇರೊಂದು ಸಣ್ಣ ತುಂಡು, ಒಮ್ಮೆ ಇತ್ತ ಒಮ್ಮೆ ಅತ್ತ ತಟ್ಟುತ್ತಿತ್ತು. ನಾನು ಕಂಡದ್ದನ್ನೆಲ್ಲ ಜೋರಾಗಿ ಹೇಳುತ್ತಿದ್ದೆ. ಆಂಟಿ ಕೇಳುತ್ತಿದ್ದರು. ಕೇಳಿದ್ದು ಸಾಲಲಿಲ್ಲ ಅವರಿಗೆ.

"ನನ್ನ ಬೆರಳು ಎಲ್ಲಿಡಲಿ?" ಎಂದರು.

ಅವ್ವ ಅವರ ತೋರುಬೆರಳನ್ನು ಹಿಡಿದು ಗಾಲಿಯ ಅಂಚಿಗೆ ತಾಗಿಸಿದಳು. ನಾನು ಕವಲು ಕೈಯನ್ನು ಮೆಲ್ಲಗೆ ಎತ್ತಿದೆ, ಇಳಿಸಿದೆ. ಒಂದು ಹಲ್ಲು. ಮತ್ತೊಂದು ಹಲ್ಲು. ಆಂಟಿ ತಲೆಯನ್ನು ಒಂದು ಬದಿಗೆ ವಾಲಿಸಿ, ದೂರದಲ್ಲಿ ಯಾರೋ ಮಾತಾಡುವುದನ್ನು ಕೇಳುವವರ ಹಾಗೆ ಕೂತಿದ್ದರು. ಬಿಲ್ಲೆ ಪೂರ್ತಿ ಒಂದು ಸುತ್ತು ಬರುವವರೆಗೂ ಬೆರಳು ತೆಗೆಯಲಿಲ್ಲ. ಆಮೇಲೆ ಗಂಡನ ಹೆಸರು ಹೇಳಿ, ಅವರಿಗೆ ತೋರಿಸಬೇಕಾಗಿತ್ತು ಎಂದರು.

ಏಡಿಯನ್ನು ಮತ್ತೆ ಜೋಡಿಸಿ ಮನೆಗೆ ತಂದ ಮೇಲೆ ಅಪ್ಪನ ಅಂಗಿಗೆ ಕಾಜ ಬಿತ್ತು. ಅಂಗಿಯಲ್ಲಿ ಮೊಳೆಯ ಗುರುತು ಕಾಲರಿನ ಹತ್ತಿರ ಹಾಗೇ ಉಳಿದಿತ್ತು, ಎಷ್ಟು ಇಸ್ತ್ರಿ ಮಾಡಿದರೂ ಹೋಗಲಿಲ್ಲ. ಅಪ್ಪ ಅದನ್ನೇ ಹಾಕಿಕೊಂಡು ಕಾರ್ಖಾನೆಗೆ ಹೋದ. ಈ ಸಲ ಯಾರೂ ಅವನ ಎದೆ ಮುಟ್ಟಿ ಕೇಳಲಿಲ್ಲವಂತೆ. ಮಿಷನ್ನಿನ ಕಾಜ ಎಲ್ಲರ ಅಂಗಿಯಲ್ಲೂ ಇತ್ತು. ಅವ್ವನಿಗೆ ಅದರಿಂದ ಏನೂ ಅನ್ನಿಸಲಿಲ್ಲವೇ ಎಂದು ನಾನು ಕೇಳಿದೆ. ಅವಳು ಆಗ ಸಣ್ಣ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಓಣಿಯಲ್ಲಿ ಕೂತ ಧೂಳನ್ನು ಊದುತ್ತಿದ್ದಳು.

"ಅನಸ್ತೈತಿ" ಎಂದಳು. "ಕೈಲೆ ಹಾಕೂ ಮುಂದ ನನಗೊಂದು ಸುಖ ಇತ್ತು. ಅದು ಹೋತು. ಆದ್ರ ಇದು ಹೆಂಗ ನಡೀತೈತಿ ಅಂತ ನೋಡೂದರಾಗ ಒಂದು ಸುಖ ಐತಿ. ಅದು ಮೊದಲ ಇದ್ದಿಲ್ಲ."

ಹಿಂದಿನ ಮನೆಯ ಅಕ್ಕ ಸುದ್ದಿ ಹಬ್ಬಿಸಿದ್ದರಿಂದ ಓಣಿಯ ಹೆಂಗಸರು ಕಾಜ ಹಾಕಿಸಲು ಬರತೊಡಗಿದರು. ಬಂದವರು ಬಟ್ಟೆ ಕೊಟ್ಟು ಹಾಗೇ ಹೋಗಿಬಿಡುತ್ತಿರಲಿಲ್ಲ. ಮಿಷನ್ನಿನ ಸುತ್ತ ಕೂತು, ಸೂಜಿ ನಿಂತಲ್ಲೇ ಇರುವಾಗ ಕಾಜ ಹೇಗೆ ಬರುತ್ತದೆ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದರು. ಅವ್ವ ಅವರಿಗಾಗಿ ನಿಧಾನವಾಗಿ, ಚಕ್ರವನ್ನು ಕೈಯಿಂದ ತಿರುಗಿಸಿ ತೋರಿಸುತ್ತಿದ್ದಳು. ಆಂಟಿ ಎರಡು ಸಲ ನಮ್ಮ ಮನೆಗೂ ಬಂದರು. ತಂಗಿಯ ಕೈ ಹಿಡಿದು ಬಸ್ಸಿಳಿದು ಬಂದು, ತಮ್ಮ ಹಳೆಯ ಮಿಷನ್ನಿನ ಮುಂದೆ ಕೂತು, ಅವ್ವ ಬಟ್ಟೆ ಹಿಡಿದುಕೊಂಡಾಗ ತಾವು ತುಳಿದರು. ಮೊದಲ ಸಲ ಅವರು ತುಳಿದ ವೇಗಕ್ಕೆ ಅವ್ವ ಹೆದರಿ, "ಸಾವಕಾಶ, ಸಾವಕಾಶ!" ಎಂದು ಕೂಗಿದಳು. ಆಂಟಿಗೆ ಆ ಕನ್ನಡ ತಿಳಿಯಲಿಲ್ಲವೋ, ತಿಳಿದೂ ಕೇಳಲಿಲ್ಲವೋ, ಸುತ್ತು ಮುಗಿಯುವವರೆಗೂ ಕಾಲು ನಿಲ್ಲಿಸಲಿಲ್ಲ.